ಜಗುಲಿಯ ಬಿಸಿಲಿಗೆ ಕೂತವರು

ಶಿರಾದಲ್ಲಿ ಹುಟ್ಟಿ, ಶಿರಾದಲ್ಲೇ ಬೆಳೆದು, ನೌಕರಿಯ ನೆಪದಲ್ಲಿ ಕೊರಟಗೆರೆ, ಮಧುಗಿರಿ, ಪಾವಗಡಗಳ ಬಿಸಿಲನ್ನೂ ಉಂಡು ಬಂದ ನನ್ನಂಥವನಿಗೆ ‘ನಿಮ್ಮ ಮೈಗೆ ಬಿಸಿಲು ಸಾಲದು’ ಎಂದು ಡಾಕ್ಟರು ಹೇಳಿದರೆ ಆ ಮಾತನ್ನು ಹೊರಗೆ ಹೇಗೆ ಹೇಳಿಕೊಳ್ಳುವುದು? ಸಕ್ಕರೆ ಕಾಯಿಲೆಗೆ ಒಂದು ಮರ್ಯಾದೆ ಇದೆ. ಬಿಪಿ ಎಂದರೆ ಎದುರಿಗಿದ್ದವರು ಕುರ್ಚಿ ಎಳೆದು ಕೂರಿಸುತ್ತಾರೆ. ಬಿಸಿಲಿನ ಕೊರತೆ ಎಂದರೆ ನಮ್ಮ ಸೀಮೆಯ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಆಕಾಶ ನೋಡುತ್ತಾರೆ, ಆಮೇಲೆ ಸುಮ್ಮನೆ ನಗುತ್ತಾರೆ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಓಬಳೇಶಪ್ಪ ಪಾವಗಡದವರು, ಅರ್ಧ ತೆಲುಗು ಅರ್ಧ ಕನ್ನಡ. ವಿಷಯ ತಿಳಿದ ದಿನ ಅವರು ಕೈಯಲ್ಲಿದ್ದ ಕಡತ ಕೆಳಗಿಟ್ಟು, “ಏಮಿ ಸಾರ್, ನಮ್ಮೂರ ಕಡೆ ಬಿಸಿಲಿಗೆ ಸೋಲಾರ್ ಹಲಗೆ ಒಡ್ಡಿ ಕರೆಂಟೇ ತೆಗೀತಾ ಇದಾರೆ, ನೀವು ಮೈ ಒಡ್ಡಿ ಒಂದು ವಿಟಮಿನ್ ತೆಗಿಯೋಕಾಗಲ್ವಾ?” ಎಂದರು. ಆವತ್ತಿನಿಂದ ಆಫೀಸಿನಲ್ಲಿ ನನಗೆ ‘ಹಲಗೆ’ ಎಂಬ ಹೆಸರು ಬಿತ್ತು. ಎದುರಿಗೆ ಯಾರೂ ಕರೆಯುವುದಿಲ್ಲ, ಹಿಂದೆ ಕರೆಯುವುದು ನನಗೆ ಕೇಳಿಸುತ್ತದೆ.

ನಿಜ ಹೇಳಬೇಕೆಂದರೆ ತಪ್ಪು ನನ್ನೊಬ್ಬನದಲ್ಲ, ಇಡೀ ವಂಶದ್ದು. ಬಿಸಿಲೆಂದರೆ ನಮ್ಮ ಮನೆತನದವರಿಗೆ ತಪ್ಪಿಸಿಕೊಳ್ಳಬೇಕಾದ ವಸ್ತು. ನಮ್ಮಜ್ಜ ಪೇಟೆಯಲ್ಲಿ ಕಟ್ಟಿಸಿದ ಮನೆ ಈಗಲೂ ಗಟ್ಟಿಯಾಗಿದೆ. ಎತ್ತು ಗುದ್ದಿದರೂ ಅಲುಗದ ಮಣ್ಣಿನ ಗೋಡೆ, ಬೆಕ್ಕು ಹಾಯಲು ಯೋಚಿಸಬೇಕಾದಷ್ಟು ಸಣ್ಣ ಕಿಟಕಿ, ನಟ್ಟನಡು ಮಧ್ಯಾಹ್ನವೂ ದೀಪ ಹಾಕಿಕೊಂಡು ಸೂಜಿಗೆ ದಾರ ಪೋಣಿಸಬೇಕಾದ ನಡುಮನೆ. ಒಳಗೆ ಕಾಲಿಟ್ಟವರೆಲ್ಲ ‘ಅಬ್ಬಾ, ಏನು ತಂಪು’ ಎನ್ನದೆ ಹೋಗಿದ್ದಿಲ್ಲ. ಆ ಮನೆಯಿಂದ ಹೊರಟು ನಾನು ಸೇರಿದ್ದು ಆಫೀಸಿನ ರೆಕಾರ್ಡ್ ರೂಮು. ಯಾವ ತಾಲ್ಲೂಕಿಗೆ ವರ್ಗವಾದರೂ ರೆಕಾರ್ಡ್ ರೂಮಿಗೆ ಕಿಟಕಿ ಇರುವುದಿಲ್ಲ, ಇದ್ದರೂ ಅದರ ಮುಂದೆ ಬೀರು ನಿಲ್ಲಿಸಿರುತ್ತಾರೆ. ಹೀಗೆ ಒಂದು ಕತ್ತಲೆಯಿಂದ ಇನ್ನೊಂದು ಕತ್ತಲೆಗೆ, ನಡುವೆ ಬಸ್ಸಿನಲ್ಲಿ ನೆರಳಿನ ಕಡೆಯ ಸೀಟು ಹುಡುಕಿಕೊಂಡು, ನನ್ನ ಜೀವನ ಸುಖವಾಗಿ ಸಾಗಿತ್ತು.

ಡಾಕ್ಟರ ಬಳಿ ಹೋಗಿದ್ದೂ ನನಗಾಗಿ ಅಲ್ಲ, ಅವ್ವನಿಗಾಗಿ. ದೀಪಾವಳಿಯ ಹೊತ್ತಿನಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ದೇವರು ದೊಡ್ಡವನು, ಮೂಳೆ ಮುರಿಯಲಿಲ್ಲ. ಮುರಿದದ್ದು ಧೈರ್ಯ. ಅಲ್ಲಿಂದಾಚೆಗೆ ಅವ್ವ ನಡುಮನೆಯ ಮಂಚ ಬಿಟ್ಟು ಬಚ್ಚಲಿಗೆ, ಬಚ್ಚಲು ಬಿಟ್ಟು ಮಂಚಕ್ಕೆ, ಅದೂ ನನ್ನ ಹೆಂಡತಿ ರತ್ನಳ ಹೆಗಲು ಹಿಡಿದು. ಕಾಲು ದಿನೇ ದಿನೇ ಕಡ್ಡಿಯಾಗುತ್ತಿತ್ತು. ತುಮಕೂರಿನಲ್ಲಿ ತೋರಿಸಿದಾಗ ಡಾಕ್ಟರು ಅವ್ವನ ರಕ್ತ ಪರೀಕ್ಷೆ ಮಾಡಿಸಿದರು. ಪಕ್ಕದಲ್ಲಿ ಸೊಂಟ ಹಿಡಿದುಕೊಂಡು ಕೂತಿದ್ದ ನನ್ನ ಭಂಗಿ ನೋಡಿ ‘ನಿಮ್ಮದೂ ಒಂದು ಮಾಡಿಸಿಬಿಡಿ’ ಎಂದರು. ಎರಡೂ ಚೀಟಿಯಲ್ಲಿ ಒಂದೇ ದೂರು. ಡಾಕ್ಟರು ನನಗೆ ಹೇಳಿದ್ದನ್ನು ನಗುತ್ತಾ ಹೇಳಿದರು, ಅವ್ವನ ವಿಷಯವನ್ನು ಮಾತ್ರ ನನ್ನನ್ನು ಆಚೆಗೆ ಕರೆದು ಹೇಳಿದರು. ಮಾತ್ರೆ ಕೊಡುತ್ತೇನೆ, ಆದರೆ ಈಕೆ ಎದ್ದು ನಡೆಯಬೇಕು, ಬೆಳಗಿನ ಬಿಸಿಲಿಗೆ ದಿನಾ ಸ್ವಲ್ಪ ಹೊತ್ತು ಕೂರಬೇಕು, ನಾಲ್ಕು ಜನರ ಮುಖ ನೋಡಬೇಕು. ಹೀಗೇ ಮಲಗಿದ್ದರೆ ಇನ್ನು ಏಳುವುದೇ ಇಲ್ಲ. ಇಷ್ಟು ಹೇಳಿ ಅವರು ಮುಂದಿನ ರೋಗಿಯನ್ನು ಕರೆದರು. ನಾನು ಅಲ್ಲೇ ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ನಿಂತೆ. ಹೆದರಿಕೆಯಾಗಿತ್ತು.

ಅವ್ವನನ್ನು ಒಪ್ಪಿಸುವುದು ಏನು ಮಹಾ ಎಂದುಕೊಂಡಿದ್ದೆ. ಮನೆಗೆ ಬಂದವನೇ ಮಂಚದ ತುದಿಯಲ್ಲಿ ಕೂತು ಎಳೆಬಿಸಿಲಿನ ಮಹಿಮೆಯನ್ನು ಶುರುಮಾಡಿದೆ. ಡಾಕ್ಟರು ಹೇಳಿದ್ದರ ಜೊತೆಗೆ ಫೋನಿನಲ್ಲಿ ನೋಡಿದ್ದನ್ನೂ ಸೇರಿಸಿ ಚೆನ್ನಾಗಿಯೇ ಹೇಳಿದೆ. ಬಿಸಿಲು ಚರ್ಮಕ್ಕೆ ಬಿದ್ದರೆ ಅಲ್ಲೇ ವಿಟಮಿನ್ ತಯಾರಾಗುತ್ತದೆ, ಅದು ಮೂಳೆಗೆ ಬಲ, ಬೆಳಕು ಬೆಳಿಗ್ಗೆ ಕಣ್ಣಿಗೆ ಕಂಡರೆ ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ, ಮನಸ್ಸು ಹಗುರಾಗುತ್ತದೆ. ಅವ್ವ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿದಳು. ನಿದ್ದೆ ಹೋದಳೇನೋ ಎಂದುಕೊಳ್ಳುವಷ್ಟರಲ್ಲಿ ಮಾತಾಡಿದಳು.

“ಲೇ ಮಂಜ, ನೀನು ಹುಟ್ಟೋಕ್ಮುಂಚೆ ನಾನು ಹುಲಿಕುಂಟೆ ಹೊಲ್ದಾಗೆ ಕಡ್ಲೆಕಾಯಿ ಕಿತ್ತಿದೀನಿ. ನೀನು ಹೊಟ್ಟೇಲಿದ್ದಾಗ್ಲೂ ಕಿತ್ತಿದೀನಿ. ನೆತ್ತಿ ಮ್ಯಾಲೆ ರೊಟ್ಟಿ ಬೇಯ್ಸಬೋದಿತ್ತು, ಅಂಗಿತ್ತು ಬಿಸ್ಲು. ಯಾವಾಗಪ್ಪಾ ನೆರಳಾಗೆ ಕಾಲು ಚಾಚ್ಕಂಡು ಮಲಗ್ತೀನಿ ಅಂತಿದ್ದೆ. ಈಗ ಮಲಗಿದೀನಿ. ನಿಂಗೆ ನಾಳೆ ಪಿಂಚಣಿ ಬತ್ತದಲ್ಲ, ಅಂಗೆ ಇದು ನಂಗೆ.”

ನಾನು ಎದ್ದು ಅಡಿಗೆಮನೆಗೆ ನಡೆದೆ. ಅವ್ವ ಹೊರಗೆ ಬರದಿರಲು ಇನ್ನೊಂದು ಕಾರಣವೂ ಇದೆ ಎಂದು ಅಲ್ಲಿ ರತ್ನ ಮೆಲ್ಲಗೆ ಹೇಳಿದಳು. ಜಗುಲಿಗೆ ಬಂದು ಯಾರ ಜೊತೆ ಮಾತಾಡಬೇಕು ಅವರು, ಇದ್ದವರೊಬ್ಬರು ತಿಮ್ಮತ್ತೆ, ಅವರ ಜೊತೆ ಮಾತಿಲ್ಲ ಕತೆಯಿಲ್ಲ ಎಂದಳು. ತಿಮ್ಮತ್ತೆ ಎಂದರೆ ನನ್ನ ಸೋದರತ್ತೆ, ಅಪ್ಪನ ತಂಗಿ, ಈಗಲೂ ನಮ್ಮ ಹೊಲವಿದ್ದ ಹುಲಿಕುಂಟೆಯಲ್ಲೇ ಇರುವವರು. ಅತ್ತಿಗೆ ನಾದಿನಿ ಹೊಲದಲ್ಲಿ ಒಂದೇ ಸಾಲು ಹಿಡಿದು ಕಳೆ ತೆಗೆದವರು, ಒಂದೇ ಎಲೆಯಡಿಕೆ ಚೀಲದಿಂದ ಅಗಿದವರು. ಒಂದು ದಿನ ನಮ್ಮ ಮನೆಯ ಬೀಗರ ಊಟದಲ್ಲಿ, ತುಂಬಿದ ಪಂಕ್ತಿಯಲ್ಲಿ, ತಿಮ್ಮತ್ತೆ ಅವ್ವನ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ ‘ಯಾಕತ್ಗೆ, ಗಂಟು ಗಂಟಾಗಿದೆ’ ಎಂದುಬಿಟ್ಟರು. ಬೀಗರ ಕಡೆಯ ಹೆಂಗಸೊಬ್ಬಳು ನಕ್ಕಳಂತೆ. ಅಷ್ಟೇ. ಹೊರಗಿನವರಿಗೆ ಇದು ಸಣ್ಣದೆನಿಸಬಹುದು. ನಮ್ಮ ಕಡೆ ಹೆಂಗಸೊಬ್ಬಳ ಬಣ್ಣ, ಬುದ್ಧಿ, ತವರು ಯಾವುದನ್ನು ಬೇಕಾದರೂ ಆಡಿಕೊಳ್ಳಬಹುದು, ಮುದ್ದೆಯನ್ನು ಆಡುವಂತಿಲ್ಲ. ಅವತ್ತಿನಿಂದ ಇಬ್ಬರೂ ಮಾತು ಬಿಟ್ಟರು. ನಾವು ರಾಜಿ ಮಾಡಿಸಲು ಹೋದಾಗಲೆಲ್ಲ ಅವ್ವ ‘ಅವಳು ಗಂಟಿರ್ಲಿಲ್ಲ ಅನ್ಲಿ, ಆಮೇಲೆ ನೋಡಾನ’ ಎನ್ನುತ್ತಿದ್ದಳು. ತಿಮ್ಮತ್ತೆ ‘ಇದ್ದಿದ್ದನ್ನ ಇರ್ಲಿಲ್ಲ ಅಂತ ಎಂಗನ್ಲಿ’ ಎನ್ನುತ್ತಿದ್ದರು.

ಕೊನೆಗೆ ರತ್ನಳೇ ಒಂದು ಉಪಾಯ ಹೇಳಿದಳು. ಮಾತಿಗೆ ಬಗ್ಗದವರು ನೋಡಿ ಬಗ್ಗುತ್ತಾರೆ, ಹೇಗೂ ನಿಮಗೂ ಬಿಸಿಲು ಬರೆದುಕೊಟ್ಟಿದ್ದಾರಲ್ಲ, ನೀವೇ ಮೊದಲು ಜಗುಲಿಯ ಮೇಲೆ ಕೂರಿ, ಮಗ ಒಬ್ಬನೇ ಕೂತಿದ್ದಾನೆ ಎಂದು ಅತ್ತೆಯವರಿಗೆ ಕನಿಕರ ಬಂದು ಹೊರಗೆ ಬಂದಾರು ಎಂದಳು. ಆಯಿತೆಂದೆ. ನಮ್ಮ ಜಗುಲಿಯ ಮೇಲೆ ಬಿಸಿಲು ಎಲ್ಲೆಂದರಲ್ಲಿ ಬೀಳುವುದಿಲ್ಲ. ಎದುರುಮನೆಯವರು ಮೇಲೆ ಮಹಡಿ ಎತ್ತಿದ್ದಾರೆ, ಪಕ್ಕದಲ್ಲಿ ಬೇವಿನ ಮರ. ಎರಡರ ನಡುವಿನ ಸಂದಿಯಿಂದ ಸೂರ್ಯ ಇಣುಕಿದಾಗ ಮೂವರು ಮೈಗೆ ಮೈ ತಾಗಿಸಿ ಕೂರುವಷ್ಟು ಅಗಲದ ಬಿಸಿಲು ಕಲ್ಲಿನ ಮೇಲೆ ಬೀಳುತ್ತದೆ. ಹಾಲಿನವನು ಬಂದು ಹೋದ ಮೇಲೆ, ಅಂಗಿ ಬನಿಯನ್ನು ತೆಗೆದಿಟ್ಟು, ಪಂಚೆ ಉಟ್ಟು, ಹೆಗಲಿಗೆ ಟವಲು ಹಾಕಿಕೊಂಡು ನಾನು ಆ ಬಿಸಿಲಿನ ಮಧ್ಯದಲ್ಲಿ ಕೂತೆ.

ಆಗ ತಿಳಿಯಿತು ನೋಡಿ, ನಮ್ಮೂರಿನಲ್ಲಿ ಮನುಷ್ಯ ಏನು ಬೇಕಾದರೂ ಮಾಡಬಹುದು, ಸುಮ್ಮನೆ ಕೂರುವಂತಿಲ್ಲ. ಕಡ್ಲೆಕಾಯಿ ಸುಲಿಯುತ್ತಾ ಕೂರಬಹುದು, ಅವರೆಕಾಯಿ ಬಿಡಿಸುತ್ತಾ ಕೂರಬಹುದು, ಜಗಳ ಆಡುತ್ತಾ ಕೂಡ ಕೂರಬಹುದು. ಕೈಯಲ್ಲಿ ಕೆಲಸವಿಲ್ಲದೆ, ಬಾಯಲ್ಲಿ ಮಾತಿಲ್ಲದೆ, ಒಬ್ಬ ಗಂಡಸು ಬೆಳಿಗ್ಗೆ ಬೆಳಿಗ್ಗೆಯೇ ಬರಿಮೈಯಲ್ಲಿ ಜಗುಲಿಯ ಮೇಲಿದ್ದರೆ ದಾರಿಯಲ್ಲಿ ಹೋಗುವವರ ಕಾಲು ಮುಂದಕ್ಕೆ ಹೋಗುವುದಿಲ್ಲ. ಯಾಕೆ, ಆಫೀಸಿಗೆ ರಜವಾ? ಯಾಕೆ, ಹುಷಾರಿಲ್ವಾ? ಮನೇಲಿ ಏನಾದ್ರೂ ಮಾತು ಬಂತಾ? ಒಬ್ಬರು ದನಿ ತಗ್ಗಿಸಿ ‘ಸಸ್ಪೆಂಡಾ?’ ಎಂದೂ ಕೇಳಿದರು. ಮೊದಮೊದಲು ಎಲ್ಲರಿಗೂ ಬಿಸಿಲಿನ ಕೊರತೆಯ ಬಗ್ಗೆ ವಿವರವಾಗಿ ಹೇಳುತ್ತಿದ್ದೆ. ಅವರು ಕೇಳಿಸಿಕೊಂಡು, ಮಾತು ಬೇಡವಾದವರು ಹೀಗೇ ಏನಾದರೂ ಹೇಳುತ್ತಾರೆ ಎಂಬಂತೆ ನೋಡಿ ಮುಂದೆ ಹೋಗುತ್ತಿದ್ದರು. ಆಮೇಲೆ ಉತ್ತರ ಹೇಳುವುದನ್ನು ಬಿಟ್ಟು ಕಣ್ಣು ಮುಚ್ಚಿಕೊಂಡು ಕೂರುವುದನ್ನು ಕಲಿತೆ. ಫೋನಿನ ವಿಡಿಯೋ ಒಂದರಲ್ಲಿ, ಬಿಸಿಲಿಗೆ ಕೂತಾಗ ಮೌನವಾಗಿದ್ದರೆ ಫಲ ಇಮ್ಮಡಿ ಎಂದೂ ಹೇಳಿದ್ದರು. ಅದು ಎಷ್ಟು ನಿಜವೋ ಗೊತ್ತಿಲ್ಲ, ನನಗಂತೂ ಅನುಕೂಲವಾಯಿತು.

ನನ್ನ ವ್ರತಕ್ಕೆ ಇಬ್ಬರು ಜೊತೆಯೂ ಸಿಕ್ಕರು. ಪಕ್ಕದ ಮನೆಯ ಬಷೀರ್ ಸಾಬರಿಗೆ ಮಂಡಿನೋವು. ಹೊಲಿಗೆ ಮೆಷೀನು ತುಳಿದು ತುಳಿದು ಸವೆದ ಮಂಡಿ ಅದು. “ಮಂಜಣ್ಣಾ, ಧೂಪ್ ಅಂದ್ರೆ ಮುಫತ್ ದವಾ, ಬಿಸಿಲು ಬಿಟ್ಟಿ ಔಷಧಿ” ಎನ್ನುತ್ತಾ ಬಂದು ನನ್ನ ಬಲಕ್ಕೆ ಕೂತರು. ಎದುರುಮನೆಯ ಮೇಷ್ಟ್ರಿಗೆ ನಿದ್ದೆ ಬರುವುದಿಲ್ಲ. ತಮ್ಮ ಮಹಡಿಯಿಂದಲೇ ನಮಗೆ ಬಿಸಿಲು ಕಮ್ಮಿಯಾಗಿದ್ದು ಎಂಬ ಸಂಕೋಚವನ್ನೂ ಹೊತ್ತುಕೊಂಡು ಬಂದು ಎಡಕ್ಕೆ ಕೂತರು. ಮೌನದ ನಿಯಮವನ್ನು ಇಬ್ಬರಿಗೂ ಹೇಳಿದೆ. ಸಾಬರು ತಲೆ ತಗ್ಗಿಸಿ ಕೂರುತ್ತಿದ್ದರು, ಮೇಷ್ಟ್ರು ಗಲ್ಲಕ್ಕೆ ಕೈಕೊಟ್ಟು ಕೂರುತ್ತಿದ್ದರು. ಮಧ್ಯದಲ್ಲಿ ನಾನು, ಬಿಸಿಲು ಚುರುಕಾದಾಗ ಟವಲನ್ನು ತಲೆಯ ಮೇಲೆ ಎಳೆದುಕೊಂಡು. ಅವ್ವ ಮಾತ್ರ ಹೊರಗೆ ಬರಲಿಲ್ಲ. ಒಳಗಿನಿಂದ ‘ಏನು ಕೆಲ್ಸಿಲ್ವಂತೆ ಅವುಕ್ಕೆ?’ ಎಂದು ರತ್ನಳನ್ನು ಕೇಳುತ್ತಿದ್ದಳಂತೆ. ಸಂಕ್ರಾಂತಿ ಹತ್ತಿರ ಬಂದಿತ್ತು. ಅವ್ವ ಬಚ್ಚಲಿಗೆ ಹೋಗುವುದನ್ನೂ ಕಮ್ಮಿ ಮಾಡಿದ್ದಳು. ಉಪಾಯ ಸೋತಿತೆಂದು ನನಗೂ ರತ್ನಳಿಗೂ ಗೊತ್ತಾಗಿತ್ತು.

ಆ ಶನಿವಾರ ಆಫೀಸಿಗೆ ರಜ. ರಾತ್ರಿಯಿಂದ ಕರೆಂಟಿರಲಿಲ್ಲ, ಗೀಸರ್ ಇಲ್ಲ. ಅವ್ವನಿಗೆ ಚಳಿಯಲ್ಲಿ ತಣ್ಣೀರು ಹುಯ್ಯುವಂತಿಲ್ಲವಲ್ಲ, ಸ್ನಾನದ ಪಾತ್ರೆ ಗ್ಯಾಸಿನ ಮೇಲೆ ಕೂರುವುದಿಲ್ಲ, ಹಿತ್ತಲಲ್ಲಿ ಒಲೆ ಹೂಡಲು ಜಾಗವಿಲ್ಲ, ಹಾಗಾಗಿ ರತ್ನ ಮನೆಯ ಮುಂದೆಯೇ ಮೂರು ಕಲ್ಲಿಟ್ಟು ಸೌದೆ ಹೊತ್ತಿಸಿ ನೀರಿನ ಪಾತ್ರೆ ಇಟ್ಟಳು. ಈ ಗಡಿಬಿಡಿಯಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು ಹಿಂದೆ ಬಿತ್ತು. ನೀರು ಕಾದ ಮೇಲೆ ಪಾತ್ರೆ ಒಳಗೆ ಹೋಯಿತು, ಸೌದೆ ಅಲ್ಲೇ ಹೊಗೆಯಾಡುತ್ತಾ ಉಳಿಯಿತು. ರಜವೆಂದು ನಾನು ಗಡ್ಡ ಹೆರೆದಿರಲಿಲ್ಲ. ಮಾಮೂಲಿನಂತೆ ಮೂವರೂ ಬಂದು ಕೂತೆವು, ಕಣ್ಣು ಮುಚ್ಚಿದೆವು.

ಈಗ ನೀವು ನಮ್ಮ ಕಡೆಯವರಾಗಿದ್ದರೆ ನಾನು ಮುಂದೆ ಹೇಳುವುದೇ ಬೇಡ. ಮನೆ ಮುಂದೆ ಸೌದೆಯ ಹೊಗೆ, ಬಾಗಿಲಲ್ಲಿ ರಂಗೋಲಿ ಇಲ್ಲ, ಜಗುಲಿಯ ಮೇಲೆ ಯಜಮಾನ ಗಡ್ಡ ಬಿಟ್ಟು, ಬರಿಮೈಯಲ್ಲಿ, ತಲೆಗೆ ಟವಲು ಹಾಕಿಕೊಂಡು ಕಣ್ಣು ಮುಚ್ಚಿದ್ದಾನೆ, ಅಕ್ಕಪಕ್ಕದಲ್ಲಿ ನೆರೆಹೊರೆಯವರು ತಲೆ ತಗ್ಗಿಸಿ, ಗಲ್ಲಕ್ಕೆ ಕೈಕೊಟ್ಟು, ಒಂದು ಮಾತಿಲ್ಲದೆ ಕೂತಿದ್ದಾರೆ. ಒಳಗೆ ತಿಂಗಳುಗಟ್ಟಲೆಯಿಂದ ಮಲಗಿರುವ ಮುದುಕಿ. ಇಂಥ ಮನೆಯಲ್ಲಿ ಏನು ನಡೆದಿದೆ ಎಂದು ನಮ್ಮ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ.

ನಮ್ಮ ದೂರದ ನೆಂಟ ಕೆಂಚಪ್ಪ ಆ ಹೊತ್ತಿಗೆ ಬೈಕಿನಲ್ಲಿ ನಮ್ಮ ಬೀದಿಯಲ್ಲೇ ಹಾದು ಹೋದ. ಕಡ್ಲೆಕಾಯಿ ಮಂಡಿಯಲ್ಲಿ ವ್ಯಾಪಾರಕ್ಕೆ ನಿಲ್ಲುವ ಮನುಷ್ಯ, ಒಳ್ಳೆಯವನು, ಆದರೆ ಸುದ್ದಿಯನ್ನು ಕೈಯಲ್ಲಿ ಹಿಡಿದುಕೊಂಡು ಅಭ್ಯಾಸವಿಲ್ಲ. ದುಃಖದಲ್ಲಿರುವವನನ್ನು ಮಾತಾಡಿಸಿ ನೋಯಿಸುವುದೇಕೆ, ಮೊದಲು ತಿಳಿಸಬೇಕಾದವರಿಗೆ ತಿಳಿಸೋಣ ಎಂದುಕೊಂಡನಂತೆ. ದೂರದಲ್ಲಿ ಬೈಕು ನಿಲ್ಲಿಸಿ ಹುಲಿಕುಂಟೆಗೆ ಫೋನು ಮಾಡಿದ. ನೆಂಟರೆಲ್ಲ ಇರುವ ವಾಟ್ಸಾಪ್ ಗುಂಪಿಗೂ ಹಾಕಿದ. ಅಲ್ಲಿ ಯಾರೋ ಅವ್ವನ ಹಳೆಯ ಫೋಟೋಕ್ಕೆ ಹೂವಿನ ಅಂಚು ಕಟ್ಟಿದರು. ಕೊರಟಗೆರೆಯವರು ಓಂ ಶಾಂತಿ ಎಂದರು, ಮಧುಗಿರಿಯವರು ಕೈಮುಗಿದರು, ಪಟ್ಟನಾಯಕನಹಳ್ಳಿಯವರು ಮಣ್ಣು ಮಾಡುವುದು ಎಷ್ಟು ಹೊತ್ತಿಗೆ ಎಂದು ಕೇಳಿದರು. ನನ್ನ ಫೋನು ಚಾರ್ಜಿಲ್ಲದೆ ಒಳಗೆ ಸತ್ತು ಬಿದ್ದಿತ್ತು. ನಾನು ಕಣ್ಣು ಮುಚ್ಚಿಕೊಂಡು ವಿಟಮಿನ್ ತಯಾರಿಸುತ್ತಿದ್ದೆ.

ಎಷ್ಟು ಹೊತ್ತಾಗಿತ್ತೋ, ಬೀದಿಯ ತುದಿಯಲ್ಲಿ ಲಗೇಜ್ ಆಟೋ ನಿಂತ ಸದ್ದಾಯಿತು. ಅದರ ಬೆನ್ನಿಗೇ ಹೆಂಗಸೊಬ್ಬಳು ಹಾಡಿಕೊಂಡು ಅಳುವ ದನಿ. ಕಣ್ಣು ಬಿಟ್ಟೆ. ಪಾಪ, ಯಾರ ಮನೆಯಲ್ಲಿ ಏನಾಯಿತೋ ಎಂದುಕೊಂಡೆ. ನೋಡಿದರೆ ತಿಮ್ಮತ್ತೆ, ಸೆರಗು ಜಾರುತ್ತಿದೆ, ಹಿಂದೆ ಹುಲಿಕುಂಟೆಯ ನಾಲ್ಕಾರು ಜನ. ನಾನು ಎದ್ದು ಓಡಿದೆ. ಅವರು ನನ್ನನ್ನು ಅಪ್ಪಿಕೊಂಡು “ಯಾವಾಗಾಯ್ತಪ್ಪಾ?” ಎಂದರು. ನಾನು, ಅವರ ಗಂಡ ನಮ್ಮ ಮಾವನಿಗೇ ಏನೋ ಆಗಿದೆ ಎಂದು ತಿಳಿದು, “ಯಾವಾಗಾಯ್ತತ್ತೆ?” ಎಂದೆ. ಅವರು ಇನ್ನೂ ಜೋರಾಗಿ ಅತ್ತರು. ನಾನೂ ಅತ್ತೆ. ನಾಚಿಕೆಯೇನು, ಮಾವ ನನ್ನನ್ನು ಹೆಗಲ ಮೇಲೆ ಹೊತ್ತು ಸಂತೆ ತೋರಿಸಿದವರು. ಅಷ್ಟರಲ್ಲಿ ಸೇವಂತಿಗೆ ಹಾರ ಹಿಡಿದುಕೊಂಡು ಕೊನೆಗೆ ಆಟೋದಿಂದ ಇಳಿದ ಮನುಷ್ಯ ನನ್ನ ಬೆನ್ನು ತಟ್ಟಿ ‘ಸಮಾಧಾನ ಮಾಡ್ಕಳಪ್ಪ’ ಎಂದ. ಮಾವನೇ. ಗಟ್ಟಿಮುಟ್ಟಾಗಿದ್ದರು. ಆಗ ನನ್ನ ತಲೆ ಪೂರ್ತಿ ನಿಂತುಹೋಯಿತು. ಬಷೀರ್ ಸಾಬರು ಮಾತ್ರ ಎದೆಯ ಮೇಲೆ ಕೈಯಿಟ್ಟುಕೊಂಡು, ಯಾರು ಹೋದರೆಂದು ತಿಳಿಯದೆಯೇ, ಎಲ್ಲರಿಗೂ ಸಮಾಧಾನ ಹೇಳುತ್ತಿದ್ದರು.

ತಿಮ್ಮತ್ತೆ ನನ್ನನ್ನು ಬಿಟ್ಟು ಜಗುಲಿಯ ಕಲ್ಲಿಗೆ ಹಣೆ ಚಚ್ಚಿಕೊಳ್ಳುವವರಂತೆ ಬಗ್ಗಿ ಕೂತರು. ನಮ್ಮ ಕಡೆ ಹಳೆಯ ಹೆಂಗಸರು ಅಳುವುದೆಂದರೆ ಸುಮ್ಮನೆ ಅಳುವುದಲ್ಲ. ಹೋದವರ ಗುಣ, ಅವರೊಡನೆ ಕಳೆದ ದಿನ, ತಾವು ಮಾಡಿದ ತಪ್ಪು ಎಲ್ಲವೂ ರಾಗವಾಗಿ ಹೊರಗೆ ಬರುತ್ತದೆ.

“ಒಂದೇ ಸಾಲು ಹಿಡ್ದು ಕಳೆ ತೆಗ್ದೋಳೇ ನನ್ನತ್ಗೇ, ನಿನ್ನ ಪಾಲಿನ ಬುತ್ತಿ ನಂಗಿಕ್ಕಿದೋಳೇ ನನ್ನತ್ಗೇ. ಬೀಗ್ರ ಪಂಕ್ತೀಲಿ ನಿನ್ನ ಮುದ್ದೆಗೆ ಗಂಟು ಅಂದ್ಬುಟ್ನಲ್ಲವ್ವಾ. ಗಂಟಿರ್ಲಿಲ್ವಲ್ಲವ್ವಾ, ಬೆಣ್ಣೆಯಂಗಿತ್ತಲ್ಲವ್ವಾ, ನನ್ನ ನಾಲ್ಗೆ ಬಿದ್ದೋಗ್ಲಿಲ್ವಲ್ಲವ್ವಾ…”

ಅವರು ಉಸಿರು ತೆಗೆದುಕೊಳ್ಳಲು ನಿಂತರು. ಆಗ ಒಳಗಿನಿಂದ ಗೋಡೆಗೆ ಬಳೆ ತಾಗುವ ಸದ್ದು ಕೇಳಿತು. ನಾನು ತಿರುಗಿ ನೋಡಿದೆ. ನಡುಮನೆಯ ಕತ್ತಲೆಯಿಂದ, ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಒದ್ದೆ ಕೂದಲ ಗಂಟನ್ನು ಹಿಡಿದುಕೊಂಡು, ಅವ್ವ ಬರುತ್ತಿದ್ದಳು. ಯಾರ ಹೆಗಲೂ ಇರಲಿಲ್ಲ. ಹಿಂದೆ ರತ್ನ ಎರಡೂ ಕೈ ಚಾಚಿಕೊಂಡು, ಮುಟ್ಟಲೂ ಹೆದರಿ, ಉಸಿರು ಬಿಗಿಹಿಡಿದು ಬರುತ್ತಿದ್ದಳು. ಹೊಸಿಲ ಹತ್ತಿರ ಅವ್ವ ನಿಂತಳು. ಕಾಲು ನಡುಗುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ಹೊಸಿಲು ದಾಟಿದಳು.

“ತಿಮ್ಮೀ, ಈಗ ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ಅನ್ನು,” ಎಂದಳು. “ನನ್ನ ಸೊಸೇನೂ ಕೇಳುಸ್ಕೊಳ್ಲಿ.”

ತಿಮ್ಮತ್ತೆ ತಲೆಯೆತ್ತಿ ನೋಡಿದರು. ಹಾರ ಹಿಡಿದಿದ್ದ ಮಾವ ಅದನ್ನು ಬೆನ್ನ ಹಿಂದಕ್ಕೆ ಮರೆ ಮಾಡಿಕೊಂಡರು. ಅವ್ವ ಯಾರನ್ನೂ ಗಮನಿಸದೆ, ಕಂಬ ಹಿಡಿದು ಮೆಲ್ಲಗೆ ಬಗ್ಗಿ, ನಾನು ಎದ್ದು ಬಿಟ್ಟಿದ್ದ ಜಾಗದಲ್ಲಿ, ಬಿಸಿಲಿನ ನಟ್ಟನಡುವೆ ಕೂತಳು. ತಿಮ್ಮತ್ತೆ ಅವಳ ಮುಖ ಮುಟ್ಟಿದರು, ಕೈ ಮುಟ್ಟಿದರು, ಕಾಲು ಮುಟ್ಟಿದರು. ಆಮೇಲೆ ಅವಳ ಮಡಿಲಿಗೆ ಮುಖ ಇಟ್ಟುಕೊಂಡು ಮತ್ತೆ ಅತ್ತರು, ಈ ಸಲ ರಾಗವಿಲ್ಲದೆ. ಅವ್ವ ಅವರ ಬೆನ್ನು ಸವರುತ್ತಾ ‘ಆಯ್ತು ಬುಡು, ಆಯ್ತು ಬುಡು’ ಎನ್ನುತ್ತಿದ್ದಳು. ಬಿಸಿಲಿನಲ್ಲಿ ಅವ್ವನ ಮುಖವನ್ನು ನೋಡಿ ಎಷ್ಟು ಕಾಲವಾಗಿತ್ತು! ಇಷ್ಟು ಸುಕ್ಕು ಯಾವಾಗ ಬಂತೋ ಎನಿಸಿತು. ಟವಲಿನಲ್ಲಿ ಮುಖ ಒರೆಸಿಕೊಂಡೆ, ಸಾಬರೂ ಅದೇ ಟವಲಿನ ಇನ್ನೊಂದು ತುದಿಯಲ್ಲಿ ಒರೆಸಿಕೊಂಡರು.

ಅವತ್ತು ಮಧ್ಯಾಹ್ನದವರೆಗೂ ಜನ ಬರುತ್ತಲೇ ಇದ್ದರು. ಅಳುತ್ತಾ ಬಂದವರಿಗೆ ಬೀದಿಯ ತುದಿಯಲ್ಲೇ ವಿಷಯ ಹೇಳಲು ಮೇಷ್ಟ್ರನ್ನು ನಿಲ್ಲಿಸಿದೆವು. ಅವ್ವ ಜಗುಲಿಯ ಮೇಲೇ ಕೂತು ಬಂದವರನ್ನೆಲ್ಲ ವಿಚಾರಿಸಿಕೊಂಡಳು. ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಚೆನ್ನಾಗಿ ಮನಸ್ಸಿಗೆ ಹಾಕಿಕೊಂಡಳು. ಬರಿಗೈಯಲ್ಲಿ ಬಂದ ಒಂದಿಬ್ಬರ ಬಗ್ಗೆ ರಾತ್ರಿ ಮಾತೂ ಆಡಿದಳು. ಬಂದವರನ್ನು ಹಸಿದುಕೊಂಡು ಕಳಿಸುವುದೇ? ರತ್ನ ದೊಡ್ಡ ಪಾತ್ರೆಗೆ ಎಸರಿಟ್ಟಳು, ಮುದ್ದೆ, ಅವರೆಕಾಳು ಸಾರು. ಹಾರವನ್ನು ಮಾವ ನಮ್ಮ ದೇವರ ಪಟಕ್ಕೆ ಹಾಕಿ ಪಾರಾದರು. ಕೆಂಚಪ್ಪ ಸಂಜೆ ಬಂದು ಅವ್ವನ ಕಾಲಿಗೆ ಬಿದ್ದ. ಅವ್ವ ಅವನಿಗೆ ಒಂದು ಮುದ್ದೆ ಹೆಚ್ಚಿಗೆ ಬಡಿಸಿದಳು. ವಾಟ್ಸಾಪಿನಲ್ಲಿ ‘ಅವ್ವ ಕ್ಷೇಮವಾಗಿದ್ದಾರೆ’ ಎಂದು ನಾನೇ ಹಾಕಿದೆ. ಅದನ್ನೂ ಪೂರ್ತಿ ಓದದೆ ಕೆಲವರು ಕೈಮುಗಿದರು.

ಅಲ್ಲಿಂದ ಅವ್ವನ ಪಿಂಚಣಿ ನಿಂತಿತು. ಮರುದಿನ ಬೆಳಿಗ್ಗೆ, ರಾತ್ರಿ ಉಳಿದಿದ್ದ ತಿಮ್ಮತ್ತೆಯ ಕೈ ಹಿಡಿದು ಅವಳೇ ಜಗುಲಿಗೆ ಬಂದಳು. ಈಗ ಹೆಂಗಸರಿಗೆ ಬಸ್ಸು ಬಿಟ್ಟಿ. ತಿಮ್ಮತ್ತೆ ಮನಸ್ಸು ಬಂದಾಗಲೆಲ್ಲ ಮೊದಲ ಬಸ್ಸಿಗೆ ಹುಲಿಕುಂಟೆಯಿಂದ ಇಳಿಯುತ್ತಾರೆ, ಮನಸ್ಸು ಅವರಿಗೆ ಹೆಚ್ಚೂಕಡಿಮೆ ದಿನಾ ಬರುತ್ತದೆ. ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಮುಂಗಾರು ಹತ್ತಿರವಾದಂತೆ ಬಿತ್ತನೆ ಬೀಜಕ್ಕೆಂದು ಕಡ್ಲೆಕಾಯಿಯ ಚೀಲವನ್ನೇ ತರತೊಡಗಿದರು. ಬೀಜದ ಸಿಪ್ಪೆ ಕೈಯಲ್ಲೇ ಸುಲಿಯಬೇಕಲ್ಲ. ಅತ್ತಿಗೆ ನಾದಿನಿ ನಡುವೆ ಮೊರ, ಮೊರದ ಪಕ್ಕ ಎಲೆಯಡಿಕೆ ಚೀಲ. ಈಗ ದಾರಿಯಲ್ಲಿ ಹೋಗುವ ಯಾರೂ ನಿಂತು ‘ಯಾಕೆ ಕೂತಿದೀರಾ’ ಎಂದು ಕೇಳುವುದಿಲ್ಲ, ಕೈಯಲ್ಲಿ ಕೆಲಸ ಇದೆಯಲ್ಲ. ಹೆಂಗಸರು ನಿಂತು ಮಾತಾಡಿಸುತ್ತಾರೆ, ಕೆಲವರು ತಾವೂ ಎರಡು ಹಿಡಿ ಸುಲಿದುಕೊಟ್ಟು ಹೋಗುತ್ತಾರೆ. ಸಾಬರ ಹೆಂಡತಿಯೂ ಬಂದು ಸೇರಿಕೊಂಡಿದ್ದಾರೆ. ಒಂದು ಬೆಳಿಗ್ಗೆ ನಾನು ಒಳಗೆ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಅವ್ವ ಹೇಳುವುದು ಕೇಳಿಸಿತು: “ಅವತ್ತು ಗಂಟಿತ್ತು ಕಣೇ ತಿಮ್ಮಿ. ಎಸ್ರು ಕುದಿಯೋಕ್ಮುಂಚೆ ಹಿಟ್ಟು ಸುರ್ದ್ಬುಟ್ಟಿದ್ದೆ.” ಇಬ್ಬರೂ ನಗಲು ಶುರುಮಾಡಿ, ನಗು ಕೆಮ್ಮಾಗಿ, ರತ್ನ ನೀರು ತೆಗೆದುಕೊಂಡು ಹೋಗಬೇಕಾಯಿತು.

ಮೂವರು ಕೂರುವಷ್ಟು ಅಗಲದ ಬಿಸಿಲು ಎಂದೆನಲ್ಲ, ಅದು ಹೀಗೆ ಭರ್ತಿಯಾಯಿತು. ಸಾಬರು ಮತ್ತು ಮೇಷ್ಟ್ರು ಮೇಷ್ಟ್ರ ಮಹಡಿಗೇ ಹೋಗಿ ಕೂರುತ್ತಾರೆ, ಮಾತಾಡಿಕೊಂಡು. ನನ್ನನ್ನೂ ಕರೆದರು, ಮೆಟ್ಟಿಲು ನೋಡಿ ನನ್ನ ಸೊಂಟ ಒಪ್ಪಲಿಲ್ಲ. ಜಗುಲಿಯ ನೆರಳಿನ ತುದಿಯಲ್ಲಿ ಒಂದೆರಡು ದಿನ ಕೂತು ನೋಡಿದೆ. ಬಿಸಿಲು ಸರಿದು ನನ್ನ ಕಡೆ ಬರುವ ಹೊತ್ತಿಗೆ ಆಫೀಸಿನ ಬಸ್ಸು. ಮೆಲ್ಲಗೆ ಮುಂದೆ ಬಂದು ನಿಂತರೆ “ಲೇ ಮಂಜ, ಅತ್ಲಾಗ್ ನಿಂತ್ಕೊ, ಕಾಲ್ಮ್ಯಾಲೆ ಬಿಸ್ಲು ಬೀಳಂಗಿಲ್ಲ” ಎಂದು ಅವ್ವನ ಅಪ್ಪಣೆಯಾಗುತ್ತದೆ. ಮೊನ್ನೆ ತುಮಕೂರಿಗೆ ಇಬ್ಬರೂ ಮತ್ತೆ ಹೋಗಿ ಬಂದೆವು. ಅವ್ವ ಕೋಲು ಹಿಡಿದು ತಾನೇ ನಡೆದು ಡಾಕ್ಟರ ಕೋಣೆಗೆ ಹೋದಳು. ಅವಳ ಚೀಟಿ ನೋಡಿ ಡಾಕ್ಟರಿಗೆ ಬಹಳ ಸಂತೋಷವಾಯಿತು. ನನ್ನ ಚೀಟಿ ನೋಡಿ ಕನ್ನಡಕ ತೆಗೆದರು. ‘ನಿಮ್ಮ ತಾಯಿಯವರನ್ನು ನೋಡಿ ಕಲಿಯಿರಿ, ದಿನಾ ಅವರ ಜೊತೆ ಸ್ವಲ್ಪ ಬಿಸಿಲಿಗೆ ಕೂರಬಾರದೇ?’ ಎಂದರು. ಅವ್ವ ನನ್ನ ಪರವಾಗಿ ಏನಾದರೂ ಹೇಳುತ್ತಾಳೆಂದು ಕಾದೆ. ‘ಏಳಿದ್ರೆ ಕೇಳಲ್ಲ ಕಣಪ್ಪ ಇವ್ನು’ ಎಂದಳು.

ಕೆಂಚಪ್ಪ ಈಗಲೂ ದಿನಾ ಬೆಳಿಗ್ಗೆ ನಮ್ಮ ಬೀದಿಯಲ್ಲೇ ಮಂಡಿಗೆ ಹೋಗುತ್ತಾನೆ. ಆ ಶನಿವಾರದ ಪೆಟ್ಟು ತಿಂದ ಮೇಲೆ ಬೈಕು ನಿಧಾನ ಮಾಡಿ, ಜಗುಲಿಯ ಮೇಲೆ ಇರಬೇಕಾದವರೆಲ್ಲ ಇದ್ದಾರೆಯೇ ಎಂದು ಒಂದು ಸಲ ನೋಡಿಕೊಂಡೇ ಮುಂದೆ ಹೋಗುತ್ತಾನೆ. ನೆನ್ನೆ ನನಗೆ ಸಣ್ಣ ಜ್ವರ, ರಜ ಹಾಕಿ ನಡುಮನೆಯಲ್ಲಿ ಅವ್ವನ ಹಳೆಯ ಮಂಚದ ಮೇಲೆ ಮಲಗಿದ್ದೆ. ತಂಪಾಗಿತ್ತು, ಹಿತವಾಗಿತ್ತು. ಹೊರಗೆ ಬೈಕು ನಿಂತ ಸದ್ದು. ಚಪ್ಪಲಿ ಬಿಟ್ಟ ಸದ್ದು. ಕೆಂಚಪ್ಪ ಬಹಳ ಮೆತ್ತಗಿನ ದನಿಯಲ್ಲಿ, ಮಂಜಣ್ಣ ಕಾಣ್ತಾ ಇಲ್ವಲ್ಲ ದೊಡ್ಡವ್ವ, ಎಲ್ಲಾ ಸರಿಯಾಗೈತಾ ಎಂದು ಕೇಳಿದ.

ಸಿಪ್ಪೆ ಒಡೆಯುವ ಚಟಚಟ ಸದ್ದು ನಿಲ್ಲಲಿಲ್ಲ.

“ಒಳಗೆ ಕತ್ಲಾಗೆ ಬಿದ್ಕಂಡವ್ನೆ, ರಾತ್ರಿಯಿಂದ ಈಚೆಗೇ ಬಂದಿಲ್ಲ,” ಎಂದಳು ಅವ್ವ. “ನೀನೇ ಒಂದ್ಸಲ ಒಳಗೋಗಿ ಮುಟ್ಟಿ ನೋಡ್ಕಂಡು ಬಾ. ಆಮೇಲೆ ಪೋನ್ ಮಾಡೀಯಂತೆ.”

ನಾನು ಗಡಬಡಿಸಿ ಎದ್ದೆ. ಟವಲು ಮಾತ್ರ ತಲೆಗೆ ಹಾಕಿಕೊಳ್ಳದೆ, ಅಂಗಿ ತೊಟ್ಟು, ತಲೆ ಬಾಚಿಕೊಂಡು, ಕೆಂಚಪ್ಪ ಹೊಸಿಲು ದಾಟುವ ಮೊದಲೇ ಹೋಗಿ ಬಿಸಿಲಲ್ಲಿ ನಿಂತೆ.